ಅಮ್ಮ ತುಳುವಿನಲ್ಲಿ ಓದಿಸಿದ ಇಂಗ್ಲಿಷ್

ಎಂ.ಎ. ಸೀಟಿನ ಆಯ್ಕೆ ಪರೀಕ್ಷೆಗೆ ಮೊದಲ ಸಲ ಕುಳಿತಾಗ ನಾನು ಇಂಗ್ಲಿಷ್ ನಿಘಂಟಿನ ಅರ್ಧ ಭಾಗವನ್ನು ಬಾಯಿಪಾಠ ಮಾಡಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳವು. ಬಿ.ಎ. ಮುಗಿಸಿ ವೇಣೂರಿನ ಒಂದು ಶಾಲೆಯಲ್ಲಿ ತಾತ್ಕಾಲಿಕ ಟೀಚರಾಗಿದ್ದೆ. ಮೂಡಬಿದಿರೆಯಿಂದ ಬೆಳಿಗ್ಗೆ ಹೊರಟ ಬಸ್ಸು ವೇಣೂರು ಮುಟ್ಟುವುದರೊಳಗೆ ಹತ್ತು ಹೊಸ ಶಬ್ದ ಕಲಿಯಬೇಕೆಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ.

ಪರೀಕ್ಷೆಯಲ್ಲಿ ಒಂದೂವರೆ ಪುಟದ ಇಂಗ್ಲಿಷ್ ಗದ್ಯ ಕೊಟ್ಟು ಪ್ರಶ್ನೆ ಕೇಳಿದ್ದರು. ಶಬ್ದಗಳೆಲ್ಲ ಪರಿಚಯದವೇ. ಆದರೆ ಬರೆದವರು ಹೇಳುತ್ತಿರುವುದೇನು, ಹೊಗಳುತ್ತಿದ್ದಾರೋ ತೆಗಳುತ್ತಿದ್ದಾರೋ, ಒಂದೂ ತಿಳಿಯಲಿಲ್ಲ. ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೀಡಿ ಕಟ್ಟಿಯೇ ನನ್ನನ್ನು ಕಾಲೇಜಿಗೆ ಕಳಿಸಿದವಳು. ಅವಳಿಗೆ ತುಳು ಬಿಟ್ಟರೆ ಬೇರೆ ಮಾತಿಲ್ಲ, ಯಾವ ಅಕ್ಷರವೂ ಗೊತ್ತಿಲ್ಲ. ಫೇಲಾದ ಸುದ್ದಿ ಕೇಳಿ ಅವಳು ಬೈಯಲಿಲ್ಲ.

"ಆ ಕಾಗದದಲ್ಲಿ ಏನು ಬರೆದಿತ್ತು?" ಎಂದಳು.

"ಎಂಥದೋ ಪಟ್ಟಣದ ವಿಷಯ."

"ಎಂಥದೋ ಅಂದರೆ? ಓದಿದವಳು ನೀನಲ್ಲವಾ ಮಗಾ? ನನಗೆ ಹೇಳಲಿಕ್ಕೆ ಆಗದ್ದನ್ನು ಅವರಿಗೆ ಹೇಗೆ ಬರೆಯುತ್ತಿ?"

ನನಗೆ ಸಿಟ್ಟು ಬಂತು. ನಿಘಂಟು ಎತ್ತಿಕೊಂಡು ಒಳಗೆ ಹೋದೆ.

ಮರುದಿನದಿಂದ ಅವಳದೇ ಏರ್ಪಾಡು. ಶಾಲೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹೆಡ್‌ಮಾಸ್ಟರರನ್ನು ಕೇಳಿ ತಂದೆ. ಸಂಜೆ ಅಮ್ಮ ಎಲೆ, ಹೊಗೆಸೊಪ್ಪಿನ ಗೆರಸೆಯನ್ನು ಮಡಿಲಲ್ಲಿಟ್ಟು ಕುಳಿತರೆ, ನಾನು ಒಂದು ಸುದ್ದಿ ಓದಿ, ಪತ್ರಿಕೆ ಮಡಚಿಟ್ಟು, ಅದನ್ನು ಅವಳಿಗೆ ತುಳುವಿನಲ್ಲಿ ಹೇಳಬೇಕು. ನೋಡಿಕೊಂಡು ಹೇಳಬಾರದು. ಅವಳ ಕೈ ಬೀಡಿ ಸುತ್ತುತ್ತಲೇ ಇರುತ್ತಿತ್ತು. ಕಿವಿ ಮಾತ್ರ ನನ್ನ ಕಡೆ.

ಒಂದು ದಿನ ಯಾವುದೋ ಹೊಳೆಯ ಸೇತುವೆಯ ಸುದ್ದಿ. ಸೇತುವೆ ಮುಗಿದಿದೆ, ಜನ ದೋಣಿಯಲ್ಲಿ ದಾಟುತ್ತಿದ್ದಾರೆ, ಎಂದೆ.

"ಸೇತುವೆ ಮುಗಿದ ಮೇಲೆ ದೋಣಿ ಹತ್ತಲಿಕ್ಕೆ ಅವರಿಗೆ ಮರುಳಾ?"

"ಹಾಗೆಯೇ ಬರೆದದ್ದು ಅಮ್ಮ."

"ಬರೆದದ್ದು ಸರಿ ಉಂಟು. ಓದಿದ್ದು ಸರಿ ಇಲ್ಲ. ಇನ್ನೊಮ್ಮೆ ನೋಡು."

ನೋಡಿದೆ. 'ಆಲ್ ಬಟ್ ಫಿನಿಶ್ಡ್' ಎಂದಿತ್ತು. ಮೂರೂ ಶಬ್ದ ನನಗೆ ಶಾಲೆಯ ಒಂದನೇ ಫಾರ್ಮಿನಿಂದ ಗೊತ್ತು. ನಿಘಂಟು ತೆಗೆದರೆ, 'ಆಲ್' ಶಬ್ದದ ಕೆಳಗೆ ಸಣ್ಣ ಅಕ್ಷರದಲ್ಲಿ 'ಆಲ್ ಬಟ್' ಎಂಬುದರ ಅರ್ಥವಿತ್ತು: ಬಹುಮಟ್ಟಿಗೆ, ಇನ್ನೇನು ಆಗುವುದರಲ್ಲಿದೆ. ಸೇತುವೆ ಮುಗಿದಿರಲಿಲ್ಲ! ಉದ್ದುದ್ದದ ಶಬ್ದಗಳ ಹಿಂದೆ ಓಡುತ್ತಿದ್ದ ನಾನು, ಸಣ್ಣವು ಸೇರಿ ಏನು ಮಾಡುತ್ತವೆ ಎಂದು ನೋಡಿಯೇ ಇರಲಿಲ್ಲ. ಇಂಗ್ಲಿಷಿನ ಒಂದಕ್ಷರ ಬಾರದ ಅಮ್ಮ ತಪ್ಪು ಹಿಡಿದಿದ್ದಳು.

ಹತ್ತು ತಿಂಗಳು ಹೀಗೇ ನಡೆಯಿತು. "ಈ ಮನುಷ್ಯ ಆಗ ಒಂದು ಹೇಳಿದ, ಈಗ ಇನ್ನೊಂದು ಹೇಳ್ತಾನೆ. ನಡುವೆ ನೀನು ಏನೋ ಬಿಟ್ಟಿದ್ದಿ," ಎನ್ನುವಳು. ಹೆಚ್ಚಿನ ಸಲ ಬಿಟ್ಟೇ ಇರುತ್ತಿದ್ದೆ.

ಎರಡನೆಯ ಸಲ ಪರೀಕ್ಷೆಗೆ ಕುಳಿತಾಗ ಕಾಡುಗಳ ಬಗ್ಗೆ ಗದ್ಯ ಬಂದಿತ್ತು. ಎರಡು ಸಲ ಓದಿ, ಕಾಗದವನ್ನು ಮಗುಚಿಟ್ಟು, ತುಟಿಯಲ್ಲೇ ತುಳುವಿನಲ್ಲಿ ಹೇಳಿಕೊಂಡೆ. ಮೇಲ್ವಿಚಾರಕರು ಬಳಿಗೆ ಬಂದರು.

"ಏನಮ್ಮ, ಏನು ಮಾಡ್ತಾ ಇದ್ದೀರಿ?"

"ಓದ್ತಾ ಇದ್ದೇನೆ ಸರ್."

"ಪೇಪರ್ ಮಗುಚಿಟ್ಟು ಓದುವುದಾ?"

"ಹೌದು ಸರ್."

ಅವರು ಕಾಗದ ಎತ್ತಿ ನೋಡಿ, ಏನೂ ಸಿಗದೆ ಮುಂದೆ ಹೋದರು. ನಾನು ಉತ್ತರ ಬರೆಯತೊಡಗಿದೆ. ಎಲ್ಲಿಯೂ ತಡವರಿಸಲಿಲ್ಲ.

ಸೀಟು ಸಿಕ್ಕಿತೆಂದು ಕಾರ್ಡು ಬಂದ ದಿನ ಅಮ್ಮ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೊರಟಿದ್ದಳು. ನಾನೂ ಜೊತೆಗೆ ಹೋದೆ. ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಬೀಡಿ ತೆಗೆದುಕೊಳ್ಳುವ ಗುಮಾಸ್ತರು ಅಮ್ಮನನ್ನು ಕೇಳಿದರು: "ಮಗಳಿಗೆ ಇಂಗ್ಲಿಷ್ ಟ್ಯೂಷನ್ ಯಾರ ಹತ್ತಿರ?"

"ನಾನೇ ಓದಿಸಿದ್ದು," ಎಂದಳು ಅಮ್ಮ.

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮ ನಗಲಿಲ್ಲ, ತನ್ನ ಬೀಡಿ ಕಟ್ಟುಗಳನ್ನು ಮೇಜಿನ ಮೇಲೆ ನೆಟ್ಟಗೆ ಜೋಡಿಸುತ್ತಿದ್ದಳು. ನಾನು ಗುಮಾಸ್ತರಿಗೂ ಸಾಲಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ:

"ಹೌದು, ಅಮ್ಮನೇ ಓದಿಸಿದ್ದು."