ದಡದಲ್ಲಿ ಉಳಿದ ಹೊಂಗೆ ಕೊಂಬೆ

ತಾತನ ಮೊಣಕಾಲಿನಿಂದ ಕೆಳಗೆ ಮುಳ್ಳು ಗೀರದ ಜಾಗವೇ ಇರಲಿಲ್ಲ. ಒಣಗಿದ ಬಿಳಿ ಗೆರೆಗಳು ಒಂದರ ಮೇಲೊಂದು, ಮಕ್ಕಳು ಸ್ಲೇಟಿನ ಮೇಲೆ ಗೀಚಿದ ಹಾಗೆ. ಶಾಗ್ಯ ಅನ್ನುವ ಊರಿನ ಆಚೆ ಹಳ್ಳದ ದಡದಲ್ಲಿ ಮೇಕೆ ಮೇಯಿಸುತ್ತಿದ್ದರು. ನನಗೇನೂ ಸಂಬಂಧಿಕರಲ್ಲ.

ನಾನು ಕೊಳ್ಳೇಗಾಲದವನು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಬ್ಯಾಗು ಹೊತ್ತು ತಿರುಗುವ ಹುಚ್ಚು ಹತ್ತಿಸಿಕೊಂಡಿದ್ದೆ. ಅದೂ ಮಳೆಗಾಲದಲ್ಲೇ ಆಗಬೇಕು. ಸೀಸನ್ನಿನಲ್ಲಿ ಎಲ್ಲರೂ ಬರುತ್ತಾರೆ, ಯಾರೂ ಬಾರದಾಗ ಬಂದವನೇ ನಿಜವಾದ ತಿರುಗಾಡಿ ಅಂತ ನಂಬಿದ್ದೆ.

ಮೊದಲ ಸಲ ನನ್ನ ಬ್ಯಾಗು ನೋಡಿ ತಾತ, “ಏನ್ಲಾ ಮಗ, ಮನೆಯಿಂದ ಓಡ್ಸ್‌ಬುಟ್ರಾ?” ಅಂದರು. ಬ್ಯಾಗು ಬಿಚ್ಚಿಸಿ, ಒಂದೊಂದೇ ಸಾಮಾನು ಎತ್ತಿ ಇದ್ಯಾಕೆ, ಇದ್ಯಾಕೆ ಅಂತ ಕೇಳಿ, ಅರ್ಧವನ್ನು ತಮ್ಮ ಮನೆಯಲ್ಲೇ ಇಡಿಸಿದರು. ಮಡಿಸುವ ಕುರ್ಚಿಯನ್ನಂತೂ ವಾಪಸ್ಸು ಕೊಡಲೇ ಇಲ್ಲ, ಅದರಲ್ಲಿ ಕೂತೇ ಮೇಕೆ ಕಾದರು. ನೀರಿನಲ್ಲಿ ತರಗೆಲೆ, ಕಡ್ಡಿ ತೇಲಿ ಬಂದರೆ ಮೇಲೆಲ್ಲೋ ಮಳೆ ಹಿಡಿದಿದೆ, ಇಲ್ಲಿ ಬಿಸಿಲಿದ್ದರೂ ಕಾಲಿಡಬಾರದು ಅಂತ ಹೇಳಿಕೊಟ್ಟವರು ಅವರೇ.

ಇನ್ನೊಂದನ್ನೂ ಹೇಳಿಕೊಟ್ಟಿದ್ದರು. ಮಳೆಗಾಲದಲ್ಲಿ ಹಳ್ಳ ದಾಟುವವರು ಒಂದು ಹಸಿ ಕೊಂಬೆ ಮುರಿದು ಈಚೆ ದಡದ ಕಲ್ಲಿನಡಿ ಸಿಕ್ಕಿಸಿ ಹೋಗಬೇಕು. ವಾಪಸ್ಸು ಬಂದಾಗ ಅದನ್ನು ನೀರಿಗೆ ಎಸೆಯಬೇಕು. ಸಂಜೆಯಾದರೂ ಕೊಂಬೆ ಅಲ್ಲೇ ಇದ್ದರೆ ದಾಟಿದವರು ಬಂದಿಲ್ಲ ಅಂತ ಅರ್ಥ. ನೋಡಿದವರು ಹುಡುಕಲು ಹೋಗಬೇಕು.

ಆ ದಿನ ತಾತನ ಎದುರೇ ಹೊಂಗೆ ಕೊಂಬೆ ಸಿಕ್ಕಿಸಿ ದಾಟಿದೆ. ಮಧ್ಯಾಹ್ನ ನೀರು ಕೆಂಪಾಗಿ ಕಡ್ಡಿ ತೇಲತೊಡಗಿತು. ದೊಡ್ಡ ಬುದ್ಧಿವಂತನ ಹಾಗೆ ಆಚೆ ಕಡೆಯಿಂದಲೇ ಮೇಲಕ್ಕೆ ನಡೆದು ರಸ್ತೆ ಸೇರಿ, ಹನೂರಿನ ಬಸ್ಸು ಹತ್ತಿ, ಅಲ್ಲಿಂದ ಮನೆಗೆ ಬಂದೆ. ಬಿಸಿ ಸಾರು ಉಂಡು ಫೋಟೊ ಹಾಕಿದೆ. ಒಬ್ಬನೇ ಹೋಗಿದ್ದೆಯಾ ಅಂತ ಎಲ್ಲರೂ ಹೊಗಳಿದರು. ಕೊಂಬೆ ನೆನಪಾಗಲೇ ಇಲ್ಲ.

ಎಂಟು ದಿನ ಬಿಟ್ಟು ಹೋದರೆ ತಾತ ಜಗಲಿಯ ಮೇಲೆ ಮಲಗಿದ್ದರು. ಸಂಜೆ ಕೊಂಬೆ ಕಂಡು, ನನಗೆ ಬೇಡ ಅಂದಿದ್ದ ಅದೇ ಕೆಂಪು ನೀರಿಗೆ ತಾವು ಇಳಿದಿದ್ದರಂತೆ. ಆಚೆ ದಡದಲ್ಲಿ ನನ್ನನ್ನು ಕೂಗುತ್ತಾ ಹೋಗಿ ಬಂಡೆಯಿಂದ ಜಾರಿ ಸೊಂಟ ಮುರಿದುಕೊಂಡಿದ್ದರು. ಬೆಳಿಗ್ಗೆ ಊರವರು ಹೊತ್ತು ತಂದರಂತೆ.

“ಬಸ್ಸಲ್ಲಿ ಊರಿಗೆ ಓದ್ಯಾ?” ಅಂದರು ತಾತ. ಹೌದು ಅಂದೆ.

“ಒಳ್ಳೇದಾಯ್ತು ಬುಡು. ಕೊಚ್ಕಂಡೋಯ್ತೇನೋ ಕೂಸು ಅನ್ಕಂಡಿದ್ದೆ.”

ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಅವರು ಏಳಲೇ ಇಲ್ಲ. ಕಾಯುವವರಿಲ್ಲದೆ ಮೇಕೆಗಳನ್ನು ಮಾರಿದರು. ಶಿವರಾತ್ರಿಗೆ ಮುಂಚೆಯೇ ತಾತ ಹೋದರು.

ತಿಥಿಗೆ ಹೋದೆ. ಊಟಕ್ಕೆ ಕೂತಾಗ ಪಕ್ಕದವರೊಬ್ಬರು ತಾತನ ಸೊಸೆಯನ್ನು, ಇವರು ಯಾರು ಅಂತ ಕೇಳಿದರು. ಆಕೆ ಪಲ್ಯ ಬಡಿಸುತ್ತಲೇ, “ನಮ್ಮಾವ ನೀರಿಗಿಳ್ದು ಉಡ್ಕಕ್ಕೆ ಓಗಿತ್ತಲ್ಲ, ಅವ್ರೇಯ,” ಅಂದರು.

ಪಂಕ್ತಿಯವರೆಲ್ಲ ಒಮ್ಮೆ ನನ್ನ ಕಡೆ ನೋಡಿ ತಂತಮ್ಮ ಎಲೆಗೆ ತಿರುಗಿದರು. ಆಕೆ ನನ್ನ ಎಲೆಗೂ ಬಡಿಸಿದರು, ಮಿಕ್ಕವರಿಗೆ ಬಡಿಸಿದಷ್ಟೇ. ಎದ್ದು ಹೋಗಲು ಧೈರ್ಯ ಬರಲಿಲ್ಲ. ಉಂಡೆ.