ಡಬ್ಬಿ ಮುಚ್ಚಳದಾಗಿನ ಪಾಸ್‌ವರ್ಡ್

ಎರಡ್ ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ನರಗುಂದದ ಗುಡ್ಡದ ಬುಡಕ್ಕ ಒಂದ್ ಇಂಟರ್ನೆಟ್ ಆಫೀಸಿನ್ಯಾಗ ಕೆಲಸಾ ಮಾಡ್ತಿದ್ದೆ. ಟವರ್ ಮ್ಯಾಲ ಡಿಶ್ ಕೂಡ್ಸಿ ರೋಣಕ್ಕ, ಗಜೇಂದ್ರಗಡಕ್ಕ ಲೈನ್ ಕೊಡ್ತಿದ್ವಿ. ಯಾವ ಟವರ್ ನಡದೈತಿ, ಯಾವುದು ಬಿದ್ದೈತಿ ಅಂತ ಹಸರು-ಕೆಂಪು ದೀಪದಾಗ ತೋರಸೋ ಸರ್ವರ್ ಒಂದಿತ್ತು. ಅದನ್ನ ಕಟ್ಟಿದಾಂವ ನಾನ. ಆಫೀಸಿನ ಸಾವಕಾರ್ರು ಮಾತ್ರ, "ಬರೇ ಲೈಟ್ ನೋಡ್ಕೊಂತ ಕುಂಡ್ರೂದು ಒಂದ್ ಕೆಲಸೇನೋ?" ಅಂತಿದ್ರು. ಮೈ ಉರೀತಿತ್ತು ನನಗ.

ಗಜೇಂದ್ರಗಡದ ಟವರ್ ನೋಡ್ಕೊಳ್ಳೋರು ಒಬ್ರು ಚಾಚಾ. ಮೊದಲ ರೇಡಿಯೋ ರಿಪೇರಿ ಮಾಡ್ತಿದ್ರು. ಟವರ್ ಹತ್ತೂದು, ಡಿಶ್ ತಿರುಗಿಸೂದು ನನಗ ಕಲಿಸಿದವ್ರು ಅವರ. ಎಲ್ಲಾ ಟವರಿಗೂ ನಾ ಒಂದ ಪಾಸ್‌ವರ್ಡ್ ಇಟ್ಟಿದ್ದೆ. ಅದೂ ಅವರಿಗೆ ನೆನಪ ಉಳೀತಿರಲಿಲ್ಲ. ಟವರ್ ಬುಡದ ಡಬ್ಬಿ ಮುಚ್ಚಳದ ಒಳಗ ಮಾರ್ಕರ್‌ಲೆ ಬರದಿಟ್ಟಿದ್ರು. ಡಬ್ಬಿಗೆ ಕೀಲಿ ಇತ್ತು, ಕೀಲಿಕೈ ಅವರ ಕಿಸೇದಾಗ.

ನನ್ನ ಮಾತು ತಿಳಿಯೋ ಮಂದಿ ಇದ್ದದ್ದು ಒಂದ ಕಡೆ, ಸರ್ವರ್ ನೋಡ್ಕೊಳ್ಳೋರ ಮೇಲಿಂಗ್ ಲಿಸ್ಟ್. ಒಬ್ಬಾಂವ ಪ್ರಶ್ನಿ ಕಳಿಸಿದ್ರ ಎಲ್ಲೆಲ್ಲಿಯವರೋ ಓದಿ ಉತ್ತರಾ ಬರಿತಿದ್ರು. ಆ ಪತ್ರ ಎಲ್ಲಾ ಇಂಟರ್ನೆಟ್ಟಿನ್ಯಾಗ ಖುಲ್ಲಾ ಉಳೀತಿದ್ದುವು. ಒಂದಿನ ಬೆಳವಣಕಿ ಟವರಿನ ಲೈನ್ ಬಿದ್ರೂ ನನ್ನ ಸರ್ವರ್ ಹಸರು ದೀಪಾನ ತೋರಸ್ತಿತ್ತು. ಅದರ ಸೆಟ್ಟಿಂಗ್ ಫೈಲ್ ಇದ್ದದ್ದು ಇದ್ದಂಗ ಲಿಸ್ಟಿಗೆ ಅಂಟಿಸಿ, ತಪ್ಪ ಎಲ್ಲೈತಿ ನೋಡ್ರಿ ಅಂತ ಕೇಳ್ದೆ. ಅದರಾಗ ಸರ್ವರಿನ ವಿಳಾಸಾ ಇತ್ತು, ಟವರಿನ ಪಾಸ್‌ವರ್ಡೂ ಇತ್ತು. ಎಂಥಾ ಹುಚ್ಚಪ್ಯಾಲಿ ನಾ!

ತಾಸಿನ್ಯಾಗ ಒಬ್ಬಾಂವ ಬರದ: ಮೊದಲು ಪಾಸ್‌ವರ್ಡ್ ಬದಲಿ ಮಾಡು. ಎಲ್ಲಾರ ಮುಂದ ಮಾನಾ ಹೋದಂಗಾತು. ದೂರದಿಂದ ಬದಲಿ ಮಾಡಾಕ ಹೋಗಿ ಒಂದ್ ಅಕ್ಷರಾ ತಪ್ಪಿದ್ರ ಲೈನ ಸಾಯ್ತಿತ್ತು. ಸವಡಿ, ಬೆಳವಣಕಿ ಅಂತ ಒಂದೊಂದ ಟವರಿಗೆ ಬಸ್ ಹಿಡದು ಹೋಗಬೇಕಿತ್ತು. ಸೋಮವಾರ ಹೋದ್ರಾತು ಬಿಡು ಅಂದೆ. ರವಿವಾರ ಯಾವನೋ ಲಿಸ್ಟಿನ್ಯಾಗಿನ ಆ ಪಾಸ್‌ವರ್ಡ್ ಹಾಕಿ ಒಳಗ ಹೊಕ್ಕು ಲೈನೆಲ್ಲಾ ಕೆಡಿಸಿದ. ಎಲ್ಲಾ ದೀಪಾ ಕೆಂಪಾದುವು.

ಸಾವಕಾರ್ರು ಜೀಪಿನ್ಯಾಗ ನನ್ನ ಕುಂಡ್ರಿಸ್ಕೊಂಡು ಒಂದೊಂದ ಟವರ್ ನೋಡ್ಕೊಂತ ಗಜೇಂದ್ರಗಡಕ್ಕ ಬಂದ್ರು. ಚಾಚಾಗ ಹೇಳಿ ಡಬ್ಬಿ ತಗಸಿದ್ರು. ಮುಚ್ಚಳದಾಗಿನ ಅಕ್ಷರಾ ನೋಡಿ ನನ್ನ ಕಡೆ ತಿರುಗಿ, "ಇದರಿಂದನ ಆತೇನೋ?" ಅಂದ್ರು. ಲಿಸ್ಟಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗೂ ಹಂಗೂ ಇರಲಿಲ್ಲ.

"ಇರಬಹುದ್ರಿ" ಅಂದೆ.

ಅಲ್ಲೇ ಚಾಚಾನ ಕಡಿಂದ ಕೀಲಿಕೈ ಇಸಕೊಂಡು, ನಾಳಿಂದ ಬರಬ್ಯಾಡ್ರಿ ಅಂದ್ರು. ನಾ ಜೀಪ್ ಹತ್ತೂ ಮುಂದ ಚಾಚಾ ನನ್ನ ಕೈ ಹಿಡದು, "ನನ್ನ ಸಲುವಾಗಿ ನೀನೂ ಬೈಸ್ಕೊಳ್ಳೂ ಹಂಗಾತಲ್ಲಪಾ, ಮಾಫ್ ಮಾಡು" ಅಂದ್ರು. ನನಗ ಅವರ ಮಾರಿ ನೋಡಾಕ ಆಗಲಿಲ್ಲ.

ಆ ವಾರ ಲಿಸ್ಟಿಗೆ ಉದ್ದಾನ ಪತ್ರಾ ಬರದೆ. ತಪ್ಪು ನಂದ ಅಂತ ಒಪ್ಕೊಂಡೆ. ಟವರಿಗೊಂದೊಂದು ಪಾಸ್‌ವರ್ಡ್ ಮಾಡಿದ್ದು, ಆಫೀಸ್ ಬಿಟ್ಟು ಬ್ಯಾರೆ ಕಡಿಂದ ಸರ್ವರಿಗೆ ಯಾರೂ ಬರದಂಗ ಬಾಗಲಾ ಬಂದ್ ಮಾಡಿದ್ದು, ಎಲ್ಲಾ ಬಿಡಿಸಿ ಹೇಳ್ದೆ. ಭಾಳ ಮಂದಿ ಶಾಬಾಸ್ ಅಂದ್ರು. ಖರೇ ಹೇಳೋ ಧೈರ್ಯ ಎಲ್ಲಾರಿಗೂ ಇರಂಗಿಲ್ಲ ಅಂತ ಒಬ್ಬಾಂವ ಹೊಗಳಿದ. ಥೂ ನನ್ನ! ಮಾರಿ ಕಾಣದ ಮಂದಿ ಮುಂದ ಇಂಗ್ಲಿಷಿನ್ಯಾಗ ಬಂದ ಮಾತು, ಸಾವಕಾರ್ರ ಮುಂದ ಕನ್ನಡದಾಗ ಬರಲಿಲ್ಲ.

ಎರಡ ವರ್ಷದ ಮ್ಯಾಲ ಚಾಚಾ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ್ಯಾಗ ಸಿಕ್ರು. ಮಿಕ್ಸರ್ ರಿಪೇರಿ ಮಾಡ್ತೀನಿ, ಹ್ಯಾಂಗೋ ನಡದೈತಿ ಅಂದ್ರು. ಬ್ಯಾಡ ಅಂದ್ರೂ ಕೇಳದ ಚಹಾ ಕುಡಿಸಿದ್ರು. ನನ್ನ ಬಸ್ ಬಂತು.

"ಅಲ್ಲಪಾ, ಆ ಕಳ್ಳ ಸಿಕ್ಕನೇನು?" ಅಂತ ಕೇಳಿದ್ರು.

"ಇಲ್ಲ ಚಾಚಾ" ಅಂದು ಬಸ್ ಹತ್ತಿದೆ.