ಒಂದನೇ ನಂಬರಿನ ದೃಷ್ಟಿ

ಕಾಲೇಜು ಕಬಡ್ಡಿ ತಂಡಗಳಿಗೆ ವಾರವಾರ ನಂಬರ್ ಕೊಟ್ಟು ಯೂಟ್ಯೂಬಿನಲ್ಲಿ ಹೇಳುವುದು ನನ್ನ ಕೆಲಸ. ಅದನ್ನು ಯಾರಾದರೂ ನೋಡುತ್ತಾರಾ ಅಂತ ನನಗೇ ಅನುಮಾನವಿತ್ತು. ಶಲವಡಿ ಕಾಲೇಜಿನ ಹುಡುಗಿಯರನ್ನು ಮೊದಲ ಸ್ಥಾನಕ್ಕೇರಿಸಿ ಅವರ ಪಂದ್ಯಕ್ಕೆ ಹೋದರೆ, ಕ್ಯಾಪ್ಟನ್ನಿನ ಅಜ್ಜಿ ಮೈದಾನದಲ್ಲೇ ಅಡ್ಡಗಟ್ಟಿದಳು.

“ತಮ್ಮಾ, ಒಂದನೇ ನಂಬರ್ ಹಾಕಿದ್ರ ನಮ್ಮ ಹುಡುಗ್ಯಾರಿಗೆ ದೃಷ್ಟಿ ಆಗಂಗಿಲ್ಲೇನು? ಮೂರಕ್ಕ ಇಳಸು!”

“ಅದು ಬರೇ ನಂಬರ್ ಐತ್ರಿ ಅಜ್ಜಿ, ಅದರಿಂದ ಏನೂ ಆಗಂಗಿಲ್ಲ.”

“ಏನೂ ಆಗಂಗಿಲ್ಲಂದ್ರ, ಇಳಸಾಕ ನಿನಗೇನು ತ್ರಾಸು?”

ಆಯ್ತು, ಇಳಿಸುತ್ತೇನೆಂದು ಮಾತು ಕೊಟ್ಟೆ. ಆದರೆ ಕೊನೇ ರೇಡಿನಲ್ಲಿ ಮೊಮ್ಮಗಳು ಮೂವರನ್ನು ಎಳಕೊಂಡೇ ಗೆರೆ ಮುಟ್ಟಿದಳು ನೋಡ್ರಿ, ಮೈದಾನಕ್ಕೆ ಮೈದಾನವೇ ಎದ್ದು ಕುಣಿಯಿತು! ಅಜ್ಜಿಯ ಸಂಗಡ ನಾನೂ ಕುಣಿದೆ. ಆದರೂ ಮಾತು ಮಾತೇ. ಮೂರಕ್ಕೆ ಇಳಿಸಿದೆ.

ವಿಡಿಯೊ ಹಾಕಿದ್ದೇ ತಡ, ಅಜ್ಜಿಯ ಫೋನು: “ಗೆದ್ದವರನ್ನ ಮೂರಕ್ಕ ಇಳಿಸೀಯಲ್ಲೋ, ನಿನ್ನ ಕಣ್ಣಿಗೇನಾಗೇತಿ?”

ಯಾರಾದರೂ ನೋಡುತ್ತಾರಾ ಅನ್ನುವ ನನ್ನ ಅನುಮಾನ ಅವತ್ತೇ ಸತ್ತಿತು.